ಎರಡು ಪ್ರತಿಜ್ಞೆ ಹೇಳುವ ಹುಡುಗ: ಅಮೆರಿಕವನ್ನು ಓದಲು ಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನನಗೆ 26 ವರ್ಷ. ಚನ್ನಗಿರಿ ಕಡೆಯವಳು. ಇತಿಹಾಸದಲ್ಲಿ ಎಂ.ಎ. ಮಾಡಿ ಎರಡು ವರ್ಷದಿಂದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಅಣ್ಣ ಟೆಕ್ಸಸ್‌ನಲ್ಲಿದ್ದಾನೆ. ಅವನ ಮಗ ಅಲ್ಲೇ ಹುಟ್ಟಿದವನು, ಈಗ ಎರಡನೇ ಕ್ಲಾಸು. ಹೋದ ವರ್ಷ ಅತ್ತಿಗೆ ಒಂದು ವಿಡಿಯೋ ಕಳಿಸಿದರು. ಶಾಲೆಯಲ್ಲಿ ದಿನಾ ಹೇಳಿಸುವ ಪ್ರತಿಜ್ಞೆಯನ್ನು ಮಗು ಎದೆಯ ಮೇಲೆ ಕೈಯಿಟ್ಟುಕೊಂಡು ಅಜ್ಜಿಗೆ ಒಪ್ಪಿಸುತ್ತಿದ್ದ. ಒಂದಲ್ಲ, ಎರಡು. ಒಂದು ಅಮೆರಿಕದ ಬಾವುಟಕ್ಕೆ, ಇನ್ನೊಂದು ಟೆಕ್ಸಸ್ ಬಾವುಟಕ್ಕೆ. ಅಮ್ಮ ಕಣ್ಣೊರೆಸಿಕೊಂಡು ‘ಇನ್ನು ಇದು ನಮ್ಮ ಮಗು ಅಲ್ಲ ಬಿಡು’ ಅಂದರು. ನನಗೆ ಅಳು ಬರಲಿಲ್ಲ, ಕುತೂಹಲ ಬಂತು. ಎಲ್ಲೆಲ್ಲಿಂದಲೋ ಬಂದವರ ಮಕ್ಕಳನ್ನು ಒಂದು ದೇಶ ತನ್ನವರನ್ನಾಗಿ ಹೇಗೆ ಮಾಡಿಕೊಳ್ಳುತ್ತದೆ? ಅಮೆರಿಕನ್ ಸ್ಟಡೀಸ್ ಅಂತ ಒಂದು ವಿಷಯವೇ ಇದೆ ಅಂತ ಆಮೇಲೆ ಗೊತ್ತಾಯಿತು. ಚಿಕ್ಕಪ್ಪ ನಗುತ್ತಾರೆ: ‘ಇನ್ನೂರೈವತ್ತು ವರ್ಷದ ದೇಶಕ್ಕೆ ಎಂಥಾ ಸಂಸ್ಕೃತಿ? ಬರ್ಗರ್ ತಿನ್ನೋದೇ ಸಂಸ್ಕೃತಿ.’ ಕಾಲೇಜಿನ ಹಿರಿಯ ಮೇಷ್ಟ್ರೊಬ್ಬರು ಅದು ಅಮೆರಿಕ ತನ್ನ ತುತ್ತೂರಿ ಊದಿಸಿಕೊಳ್ಳಲು ಮಾಡಿಕೊಂಡ ವಿಷಯ ಅನ್ನುತ್ತಾರೆ. ಬೆಂಗಳೂರಿನ ಒಬ್ಬ ಏಜೆಂಟ್ ಮಾತ್ರ ‘40 ಲಕ್ಷ ಹೊಂದಿಸಿ, ಅವರ ಸಂಸ್ಕೃತಿಯನ್ನೇ ಓದಿದವರಿಗೆ ಗ್ರೀನ್ ಕಾರ್ಡ್ ಬೇಗ ಸಿಗುತ್ತೆ’ ಅಂದ. ಅಪ್ಪ ಅಡಿಕೆ ತೋಟ ಅಡ ಇಡಲು ತಯಾರಾಗಿದ್ದಾರೆ. ಇದು ನಿಜಕ್ಕೂ ಓದುವಂಥ ವಿಷಯವಾ? ಎಲ್ಲಿ, ಹೇಗೆ ಓದಬೇಕು?

ಉತ್ತರ: ಮೊದಲು ತೋಟದ ವಿಷಯ. ಅಡ ಇಡಬೇಡಿ.

ಅಮೆರಿಕದ ಸಂಸ್ಕೃತಿ ಓದಿದವರಿಗೆ ಗ್ರೀನ್ ಕಾರ್ಡ್ ಬೇಗ ಸಿಗುತ್ತದೆ ಎಂಬ ನಿಯಮ ಎಲ್ಲೂ ಇಲ್ಲ. ಅಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಓದು ಮುಗಿದ ಮೇಲೆ 12 ತಿಂಗಳು ಕೆಲಸ ಮಾಡಲು ಅವಕಾಶ ಇರುತ್ತದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದಂಥ ವಿಷಯದವರಿಗೆ ಅದರ ಮೇಲೆ ಇನ್ನೂ 24 ತಿಂಗಳು. ಅಮೆರಿಕನ್ ಸ್ಟಡೀಸ್ ಆ ಪಟ್ಟಿಗೆ ಸೇರುವ ವಿಷಯವಲ್ಲ. ಅಂದರೆ ನಿಮ್ಮ ಅಣ್ಣನಂಥವರು ಹೋದ ದಾರಿಗಿಂತ ನಿಮ್ಮದು ಕಿರಿದು. ಏಜೆಂಟ್ ಇದನ್ನು ಹೇಳಿರಲಿಕ್ಕಿಲ್ಲ. ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಪರೀಕ್ಷೆ ಅಂತ ಒಂದಿದೆ ನಿಜ. ಆದರೆ ಅದು ಪೌರತ್ವ ಪಡೆಯುವ ಕೊನೆಯ ಹಂತದಲ್ಲಿ. ಅದರ ಪ್ರಶ್ನೆಗಳನ್ನು ಉತ್ತರದ ಸಮೇತ ಅಲ್ಲಿನ ಸರ್ಕಾರವೇ ಪುಕ್ಕಟೆ ಪ್ರಕಟಿಸಿದೆ. ಅದಕ್ಕೆ ಯಾರೂ ತೋಟ ಅಡ ಇಡಬೇಕಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಚಿಕ್ಕಪ್ಪನ ಮಾತು, ಮೇಷ್ಟ್ರ ಮಾತು, ಅಮ್ಮನ ಕಣ್ಣೀರು, ಇವು ಮೂರೂ ಸೇರಿಕೊಂಡು ನಿಮಗೆ ಗೊಂದಲವಾಗಿದೆ. ಬಿಡಿಸಿ ನೋಡೋಣ.

ಚಿಕ್ಕಪ್ಪನಿಗೆ ಉತ್ತರ ನಿಮ್ಮ ಅಣ್ಣನ ಮಗನ ವಿಡಿಯೋದಲ್ಲೇ ಇದೆ. ಆ ಪ್ರತಿಜ್ಞೆ ಒಂದೇ ವಾಕ್ಯ. ಹೇಳಿ ಮುಗಿಸಲು ಹದಿನೈದು ಸೆಕೆಂಡು ಸಾಕು. ಆದರೆ ಹಳೇ ಮನೆಯ ಗೋಡೆ ಕೆರೆದ ಹಾಗೆ ಅದನ್ನು ಕೆರೆಯುತ್ತಾ ಹೋದರೆ ಒಂದರ ಕೆಳಗೊಂದು ಸುಣ್ಣದ ಪದರ ಸಿಗುತ್ತದೆ.

ಅದನ್ನು ಬರೆದದ್ದು 1892ರಲ್ಲಿ, ಫ್ರಾನ್ಸಿಸ್ ಬೆಲಮಿ. ಹಿಂದೆ ಪಾದ್ರಿಯಾಗಿದ್ದವನು, ಸಮಾಜವಾದದ ಕಡೆ ಒಲವಿದ್ದವನು. ಆಗ ಮಕ್ಕಳು ಓದುವ ಒಂದು ಪತ್ರಿಕೆಯಲ್ಲಿ ಕೆಲಸಕ್ಕಿದ್ದ. ಆ ಪತ್ರಿಕೆ ಶಾಲೆಗಳಿಗೆ ಬಾವುಟ ಮಾರುವ ವ್ಯಾಪಾರವನ್ನೂ ನಡೆಸುತ್ತಿತ್ತು. ಕೊಲಂಬಸ್ ಬಂದು 400 ವರ್ಷವಾದ ಸಂಭ್ರಮಕ್ಕೆ ದೇಶದ ಎಲ್ಲ ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಹೇಳಲಿ ಅಂತ ಈ ವಾಕ್ಯ ಕಟ್ಟಿದ. ದೇಶಭಕ್ತಿಯೂ ಆಯಿತು, ಬಾವುಟವೂ ಖರ್ಚಾಯಿತು! ಅದೇ ವರ್ಷದ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣಾ ಕೇಂದ್ರ ಬಾಗಿಲು ತೆರೆದಿತ್ತು. ಹಡಗುಗಟ್ಟಲೆ ಜನ ಬಂದಿಳಿಯುತ್ತಿದ್ದ ಕಾಲ.

ಬೆಲಮಿ ಬರೆದದ್ದು ‘ನನ್ನ ಬಾವುಟಕ್ಕೆ’ ಅಂತ. 1923ರಲ್ಲಿ ಆ ‘ನನ್ನ’ ಹೋಯಿತು. ಅದರ ಜಾಗಕ್ಕೆ ‘ಯುನೈಟೆಡ್ ಸ್ಟೇಟ್ಸ್‌ನ ಬಾವುಟಕ್ಕೆ’ ಬಂತು. ಮರುವರ್ಷ ಅದಕ್ಕೆ ‘ಅಮೆರಿಕ’ ಸೇರಿತು. ಯಾಕೆ? ಇಟಲಿಯಿಂದಲೋ ಪೋಲೆಂಡಿನಿಂದಲೋ ಬಂದ ಹುಡುಗ ಬಾಯಲ್ಲಿ ‘ನನ್ನ ಬಾವುಟ’ ಅನ್ನುತ್ತಾ ಮನಸ್ಸಿನಲ್ಲಿ ತನ್ನ ಹುಟ್ಟಿದೂರಿನ ಬಾವುಟ ನೆನೆಸಿಕೊಂಡರೆ ಏನು ಗತಿ ಅಂತ ದೊಡ್ಡವರಿಗೆ ಅನುಮಾನ. ಒಂದು ‘ನನ್ನ’ ಇಷ್ಟು ಭಯ ಹುಟ್ಟಿಸಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಅದೇ 1923ರ ಫೆಬ್ರುವರಿಯಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನವರ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು ಅವರು. ಆದರೆ 1790ರಿಂದ ಬಂದ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರು ಪೌರರಾಗಬೇಕಾದರೆ ‘ಬಿಳಿಯರು’ ಆಗಿರಬೇಕಿತ್ತು. ಅಂತರ್ಯುದ್ಧದ ನಂತರ ಆಫ್ರಿಕಾ ಮೂಲದವರನ್ನೂ ಅದಕ್ಕೆ ಸೇರಿಸಿದ್ದರು, ಅಷ್ಟೇ. ಮೂರು ತಿಂಗಳ ಹಿಂದೆ ಜಪಾನಿನ ಒಬ್ಬರ ಕೇಸಿನಲ್ಲಿ ಇದೇ ಕೋರ್ಟು ಬಿಳಿಯ ಅಂದರೆ ಕಕೇಷಿಯನ್ ಅಂತ ಹೇಳಿತ್ತು. ಆಗಿನ ವಿದ್ವಾಂಸರು ಯುರೋಪಿನವರನ್ನೂ ಇನ್ನು ಕೆಲವರನ್ನೂ ಸೇರಿಸಿ ಒಂದು ಜನಾಂಗಕ್ಕೆ ಇಟ್ಟಿದ್ದ ಹೆಸರು ಅದು. ಥಿಂಡ್ ಪರವಾದ ವಾದ ಅದನ್ನೇ ಹಿಡಿಯಿತು: ನಾನು ಮೇಲುಜಾತಿಯ ಆರ್ಯ, ಹಾಗಾಗಿ ಕಕೇಷಿಯನ್. ಜಾತಿಯ ಹೆಮ್ಮೆಯನ್ನು ಹಡಗು ಹತ್ತಿಸಿ ಅಲ್ಲಿನ ಕೋರ್ಟಿನವರೆಗೂ ಒಯ್ದಿದ್ದೆವು ನೋಡಿ. ಕೋರ್ಟು ಒಪ್ಪಲಿಲ್ಲ. ವಿದ್ವಾಂಸರು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಅಂದಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. 1924ರಲ್ಲಿ ದೇಶವಾರು ಕೋಟಾದ ವಲಸೆ ಕಾನೂನು ಬಂತು. ಅದೇ ವರ್ಷ ಆ ನೆಲದ ಮೂಲನಿವಾಸಿಗಳಿಗೆಲ್ಲ ಪೌರತ್ವ ಸಿಕ್ಕಿತು! ಎಲ್ಲರಿಗಿಂತ ಮೊದಲು ಅಲ್ಲಿದ್ದವರಿಗೆ ಇಷ್ಟು ತಡವಾಗಿ.

ಪ್ರತಿಜ್ಞೆಯಲ್ಲಿ ‘ನನ್ನ’ ಹೋದದ್ದು, ಥಿಂಡ್ ಸೋತದ್ದು, ಕೋಟಾ ಬಂದದ್ದು, ಇವೆಲ್ಲ ಎರಡೇ ವರ್ಷದೊಳಗೆ. ಬೇರೆ ಬೇರೆ ಸುದ್ದಿಗಳಲ್ಲ, ‘ನಾವು ಅಂದರೆ ಯಾರು’ ಎಂಬ ಒಂದೇ ಜಗಳ. ಅಮೆರಿಕನ್ ಸ್ಟಡೀಸ್ ಅಂದರೆ ಇದು. ಶಾಲೆಯ ಒಂದು ವಾಕ್ಯ, ಕೋರ್ಟಿನ ಒಂದು ತೀರ್ಪು, ವಲಸೆಯ ಒಂದು ಕಾನೂನು ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಓದುವುದು. ಇತಿಹಾಸದ ಇಲಾಖೆ ಒಂದನ್ನು, ಕಾನೂನಿನವರು ಇನ್ನೊಂದನ್ನು, ಸಾಹಿತ್ಯದವರು ಮತ್ತೊಂದನ್ನು ಹಂಚಿಕೊಂಡು ಹೋದರೆ ಈ ನಂಟು ಕಾಣುವುದಿಲ್ಲ.

ಇನ್ನೂ ಪದರಗಳಿವೆ. ಮೊದಲು ಮಕ್ಕಳು ಎದೆಯ ಮೇಲೆ ಕೈಯಿಡುತ್ತಿರಲಿಲ್ಲ. ಬಲಗೈಯನ್ನು ಬಾವುಟದ ಕಡೆ ನೀಟಾಗಿ ಚಾಚುತ್ತಿದ್ದರು. ಹಿಟ್ಲರನ ಜನ ಮಾಡುತ್ತಿದ್ದ ವಂದನೆಗೂ ಇದಕ್ಕೂ ವ್ಯತ್ಯಾಸವೇ ಕಾಣದಂತಾದಾಗ, 1942ರ ಡಿಸೆಂಬರಿನಲ್ಲಿ ಕೈ ಎದೆಗೆ ಬಂತು. 1954ರಲ್ಲಿ ‘ದೇವರ ಅಧೀನದಲ್ಲಿ’ ಎಂಬ ಅರ್ಥದ ಎರಡು ಪದ ಸೇರಿದವು. ಆಗ ಸೋವಿಯತ್ ರಷ್ಯಾದ ಜೊತೆ ಶೀತಲ ಸಮರ ಜೋರಾಗಿತ್ತು. ಅವರು ನಾಸ್ತಿಕರು, ನಾವು ಆಸ್ತಿಕರು ಅಂತ ಗೆರೆ ಎಳೆಯಬೇಕಿತ್ತು. ಅಂದರೆ ನಿಮ್ಮ ಅಣ್ಣನ ಮಗ ಹೇಳುವುದು ಬೆಲಮಿಯ ವಾಕ್ಯವಲ್ಲ, ಅರವತ್ತು ವರ್ಷ ಹಲವರು ತಿದ್ದಿದ ವಾಕ್ಯ.

ನನಗೆ ಬಹಳ ಇಷ್ಟವಾದ ಪದರ ಇನ್ನೊಂದಿದೆ. ಅದಕ್ಕೆ ನಮ್ಮ ದೇಶದ ನಂಟೂ ಇದೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ಬಾವುಟಕ್ಕೆ ವಂದಿಸುವುದಿಲ್ಲ. ದೇವರಿಗೆ ಮಾತ್ರ ವಂದನೆ ಎಂಬುದು ಅವರ ನಂಬಿಕೆ. 1940ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳು ಕಡ್ಡಾಯ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಆಮೇಲೆ ಊರೂರಲ್ಲಿ ಈ ಪಂಗಡದವರ ಮೇಲೆ ಹಲ್ಲೆಗಳಾದವು. ಮೂರೇ ವರ್ಷಕ್ಕೆ, 1943ರಲ್ಲಿ, ವೆಸ್ಟ್ ವರ್ಜೀನಿಯಾದ ಮಕ್ಕಳ ಕೇಸಿನಲ್ಲಿ ಅದೇ ಕೋರ್ಟು ತನ್ನ ತೀರ್ಪನ್ನು ತಾನೇ ತಿರುಗಿಸಿತು. ಯಾವ ಮಗುವನ್ನೂ ಬಲವಂತವಾಗಿ ವಂದನೆ ಮಾಡಿಸುವಂತಿಲ್ಲ ಅಂದಿತು. ಅದೂ ಎಂಥಾ ಹೊತ್ತಿನಲ್ಲಿ? ದೇಶ ಯುದ್ಧದಲ್ಲಿದ್ದಾಗ. 1986ರಲ್ಲಿ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡುವುದಿಲ್ಲ ಅಂತ ಶಾಲೆಯಿಂದ ಹೊರಹಾಕಿಸಿಕೊಂಡ ಕೇಸು ನಮ್ಮ ಸುಪ್ರೀಂ ಕೋರ್ಟಿಗೆ ಬಂತು. ಅವರೂ ಇದೇ ಪಂಗಡದವರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಮಕ್ಕಳ ಪರ ತೀರ್ಪು ಬರೆಯುವಾಗ ಈ ಎರಡೂ ಅಮೆರಿಕನ್ ತೀರ್ಪುಗಳನ್ನು ಚರ್ಚಿಸಿದ್ದಾರೆ. ನಾನು ಪಾಠ ಮಾಡುತ್ತಿದ್ದಾಗ ಮೂರು ತೀರ್ಪನ್ನೂ ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ. ‘ಅಮೆರಿಕದ ಕತೆ ನಮಗ್ಯಾಕೆ ಸಾರ್’ ಅನ್ನುತ್ತಿದ್ದ ಹುಡುಗರು ಆವತ್ತು ಸುಮ್ಮನಾಗುತ್ತಿದ್ದರು.

ಇನ್ನು ಎರಡನೇ ಪ್ರತಿಜ್ಞೆ. ಟೆಕ್ಸಸ್ 1836ರಿಂದ 1845ರವರೆಗೆ ಬೇರೆಯೇ ದೇಶವಾಗಿತ್ತು. ತನ್ನದೇ ಅಧ್ಯಕ್ಷ, ತನ್ನದೇ ಬಾವುಟ. ಆ ಒಂಟಿ ನಕ್ಷತ್ರದ ಬಾವುಟವೇ ಈಗಲೂ ರಾಜ್ಯದ ಬಾವುಟ. 1861ರಲ್ಲಿ ಗುಲಾಮಗಿರಿ ಬಿಡಲೊಪ್ಪದೆ ಒಕ್ಕೂಟದಿಂದ ಹೊರಗೂ ಹೋಗಿತ್ತು. ಈಗ ಅಲ್ಲಿನ ಕಾನೂನಿನ ಪ್ರಕಾರ ಶಾಲೆಗಳಲ್ಲಿ ಎರಡೂ ಪ್ರತಿಜ್ಞೆ ಹೇಳಿಸುತ್ತಾರೆ. ನಾವು ನಾಡಗೀತೆಯನ್ನೂ ಹಾಡುತ್ತೇವೆ, ರಾಷ್ಟ್ರಗೀತೆಯನ್ನೂ ಹಾಡುತ್ತೇವೆ, ಅಲ್ವಾ? ಹಾಗಾಗಿ ಇದು ನಮಗೆ ಬೇಗ ಅರ್ಥವಾಗುತ್ತದೆ. ಆದರೆ ‘ರಾಜ್ಯ’ ಎಂಬ ಪದ ನೋಡಿ ಮೋಸ ಹೋಗಬೇಡಿ. ನಮ್ಮಲ್ಲಿ ಸಂಸತ್ತು ರಾಜ್ಯದ ಗಡಿಯನ್ನೇ ಬದಲಿಸಬಲ್ಲದು. ಅಲ್ಲಿ ಆ ರಾಜ್ಯ ಒಪ್ಪದೆ ಅದು ಸಾಧ್ಯವಿಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ.

ಅಮ್ಮನ ಕಣ್ಣೀರಿನ ಬಗ್ಗೆಯೂ ಒಂದು ಮಾತು. ‘ನಮ್ಮ ಮಗು ಅಲ್ಲ’ ಎಂಬ ಅವರ ಭಯಕ್ಕೆ ಅರ್ಥವಿಲ್ಲದೇ ಇಲ್ಲ. 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಯ ವಲಸಿಗ ಕೆಲಸಗಾರರಿಗೆ ಇಂಗ್ಲಿಷ್ ಶಾಲೆ ತೆರೆದ. ಅಲ್ಲಿ ಪಾಸಾದವರಿಗೆ ಒಂದು ಸಮಾರಂಭ ಇರುತ್ತಿತ್ತು. ವೇದಿಕೆಯ ಹಿಂದೆ ಹಡಗಿನ ಚಿತ್ರ, ಮುಂದೆ ಆಳೆತ್ತರದ ಒಂದು ದೊಡ್ಡ ಕಡಾಯಿ. ಕೆಲಸಗಾರರು ತಮ್ಮ ತಮ್ಮ ನಾಡಿನ ಉಡುಪಿನಲ್ಲಿ, ಗಂಟುಮೂಟೆ ಹಿಡಿದು ಹಡಗಿನಿಂದ ಇಳಿದು ಕಡಾಯಿಯೊಳಗೆ ಹೋಗುತ್ತಿದ್ದರು. ಮೇಷ್ಟ್ರುಗಳು ಉದ್ದನೆಯ ಸೌಟು ಹಿಡಿದು ಕಲಕುತ್ತಿದ್ದರು, ಹುಳಿ ಕುದಿಸುವ ಹಾಗೆ. ಇನ್ನೊಂದು ಕಡೆಯಿಂದ ಎಲ್ಲರೂ ಸೂಟು ತೊಟ್ಟು, ಕೈಯಲ್ಲಿ ಅಮೆರಿಕದ ಬಾವುಟ ಬೀಸುತ್ತಾ ಹೊರಗೆ ಬರುತ್ತಿದ್ದರು. ತಮಾಷೆ ಅನಿಸಬಹುದು. ಆದರೆ ಅದೇ ಕಂಪನಿಯ ಇನ್ಸ್‌ಪೆಕ್ಟರುಗಳು ಕೆಲಸಗಾರರ ಮನೆಗೆ ಹೋಗಿ ಮನೆ ಚೊಕ್ಕಟವಾಗಿದೆಯೇ, ಕುಡಿಯುತ್ತಾರೆಯೇ ಅಂತೆಲ್ಲ ನೋಡಿಕೊಂಡು ಬರುತ್ತಿದ್ದರು. ದಿನಕ್ಕೆ ಐದು ಡಾಲರ್ ಸಂಬಳ ಸಿಗಬೇಕಾದರೆ ಅದರಲ್ಲೂ ಪಾಸಾಗಬೇಕಿತ್ತು.

ಎಲ್ಲರೂ ಕರಗಿ ಒಂದಾಗುತ್ತಾರೆ ಎಂಬ ಈ ‘ಮೆಲ್ಟಿಂಗ್ ಪಾಟ್’ ಕತೆಯನ್ನು ಆಗಲೇ ಒಪ್ಪದವರಿದ್ದರು. ಹೊರೇಸ್ ಕ್ಯಾಲೆನ್ ಎಂಬ ತತ್ವಶಾಸ್ತ್ರಜ್ಞ 1915ರಲ್ಲೇ ಇದರ ವಿರುದ್ಧ ಬರೆದ. ಬೇರೆ ಬೇರೆ ವಾದ್ಯಗಳು ಸೇರಿ ಒಂದು ಮೇಳ ಆಗುವುದಿಲ್ಲವೇ, ಪಿಟೀಲು ಹೋಗಿ ಕೊಳಲಾಗಬೇಕೇ ಎಂಬ ಧಾಟಿಯ ವಾದ ಅವನದು. ಈ ಎರಡು ವಾದಗಳ ಜಗಳ ಇವತ್ತಿಗೂ ಮುಗಿದಿಲ್ಲ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ ಹದಿನಾಲ್ಕನೇ ತಿದ್ದುಪಡಿಯ ಪ್ರಕಾರ ಆ ನೆಲದಲ್ಲಿ ಹುಟ್ಟಿದ ನಿಮ್ಮ ಅಣ್ಣನ ಮಗ ಅಮೆರಿಕದ ಪೌರ. ಹುಟ್ಟಿನಿಂದ ಬರುವ ಈ ಪೌರತ್ವವನ್ನು ಕೆಲವು ವರ್ಗದ ಮಕ್ಕಳಿಗೆ ತಡೆಯುವ ಆದೇಶಕ್ಕೆ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದಾಗ ಕೂಡಲೇ ಅದು ಕೋರ್ಟು ಹತ್ತಿತು. ಮಗು ಕನ್ನಡ ಕೂಟದ ಯುಗಾದಿಗೂ ಹೋಗುತ್ತದೆ, ಬೆಳಿಗ್ಗೆ ಎರಡು ಬಾವುಟಕ್ಕೂ ಎದೆಯ ಮೇಲೆ ಕೈಯಿಡುತ್ತದೆ. ಅಮ್ಮನಿಗೆ ಹೇಳಿ, ಕಡಾಯಿ ಈಗ ಅಷ್ಟು ಬಿಸಿಯಿಲ್ಲ.

ನಿಮ್ಮ ಹಿರಿಯ ಮೇಷ್ಟ್ರ ಮಾತಿನಲ್ಲಿ ಅರ್ಧ ನಿಜ ಇದೆ. ಹಾರ್ವರ್ಡ್ ಅಮೆರಿಕನ್ ನಾಗರಿಕತೆಯ ಇತಿಹಾಸಕ್ಕೆ ಬೇರೆ ಪಿಎಚ್‌ಡಿ ಶುರು ಮಾಡಿದ್ದು 1937ರಲ್ಲಿ. ಆದರೆ ವಿಷಯ ಊರೂರಿಗೆ ಹಬ್ಬಿದ್ದು ಎರಡನೇ ಮಹಾಯುದ್ಧದ ನಂತರ. ಆಗ ಅಮೆರಿಕ ಸರ್ಕಾರಕ್ಕೆ ತನ್ನ ಕತೆಯನ್ನು ಜಗತ್ತಿಗೆ ಹೇಳಬೇಕಿತ್ತು, ದುಡ್ಡೂ ಇತ್ತು. ವಿದ್ಯಾರ್ಥಿಗಳು, ವಿದ್ವಾಂಸರು ಆಚೀಚೆ ಹೋಗಿ ಓದಲು ಫೆಲೋಶಿಪ್ ಕೊಡುವ ಫುಲ್‌ಬ್ರೈಟ್ ಯೋಜನೆಗೆ ಭಾರತದ ಜೊತೆ ಒಪ್ಪಂದವಾದದ್ದು 1950ರಲ್ಲಿ. ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಇದೇ ಫೆಲೋಶಿಪ್‌ನಲ್ಲಿ. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಬಂತು.

ನಾನು ಆ ಸೆಂಟರಿಗೆ ಮೊದಲು ಹೋದದ್ದು ಎಂಬತ್ತರ ದಶಕದಲ್ಲಿ, ಒಂದು ಬೇಸಿಗೆಯಲ್ಲಿ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಅಮೆರಿಕದ ಇತಿಹಾಸ ಅಂದರೆ ಬೈಂಡು ಕಿತ್ತ ನಾಲ್ಕು ಪುಸ್ತಕ. ಅಲ್ಲಿ ಕಪಾಟಿನ ಸಾಲಿಗೆ ಸಾಲು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಣ್ಣಗೆ. ಮೊದಲ ಎರಡು ದಿನ ಓದಿದ್ದಕ್ಕಿಂತ ಕಪಾಟುಗಳ ನಡುವೆ ಓಡಾಡಿದ್ದೇ ಜಾಸ್ತಿ. ತಮಾಷೆ ಏನೆಂದರೆ, ಅಮೆರಿಕ ಸರ್ಕಾರವನ್ನು ಅತಿ ಕಟುವಾಗಿ ಬೈದ ಪುಸ್ತಕಗಳನ್ನು ನಾನು ಮೊದಲು ಓದಿದ್ದೂ ಅಲ್ಲೇ, ಅವರದೇ ದುಡ್ಡಿನಲ್ಲಿ. ತುತ್ತೂರಿ ಊದಿಸಿಕೊಳ್ಳಲು ತಂದವರಿಗೆ ತುತ್ತೂರಿಯ ಮೇಲೆ ಪೂರ್ತಿ ಹಿಡಿತ ಇರುವುದಿಲ್ಲ.

ವಿಷಯದ ಒಳಗೇ ದೊಡ್ಡ ಬಂಡಾಯವೂ ಆಯಿತು. ಮೊದಲ ತಲೆಮಾರಿನವರು ‘ಅಮೆರಿಕನ್ ಮನಸ್ಸು’ ಅಂತ ಒಂದಿದೆ, ಅದನ್ನು ಹುಡುಕೋಣ ಅನ್ನುತ್ತಿದ್ದರು. ಹುಡುಕಿದಾಗ ಸಿಗುತ್ತಿದ್ದದ್ದು ಬಹುಪಾಲು ಬಿಳಿಯ ಗಂಡಸಿನ ಮನಸ್ಸು. 1968ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕರಿಯರ, ಏಷ್ಯನ್ನರ, ಮೆಕ್ಸಿಕನ್ ಮೂಲದವರ ಮಕ್ಕಳು ಮುಷ್ಕರ ಹೂಡಿದರು. ಸುಮಾರು ಐದು ತಿಂಗಳು ನಡೆಯಿತು. ನಮ್ಮ ಜನರ ಚರಿತ್ರೆ ಸಿಲಬಸ್ಸಿನಲ್ಲಿ ಎಲ್ಲಿದೆ ಎಂಬುದು ಅವರ ಪ್ರಶ್ನೆ. ಅಲ್ಲಿಂದಾಚೆಗೆ ಈ ವಿಷಯ ಹೊಗಳುಭಟ್ಟರ ಕೈಯಲ್ಲಿ ಉಳಿಯಲಿಲ್ಲ. ಈಗಂತೂ ಎಷ್ಟು ಉಲ್ಟಾ ಅಂದರೆ, ಅಮೆರಿಕದ ಬಲಪಂಥದವರು ಇದೇ ಇಲಾಖೆಗಳನ್ನು ದೇಶವಿರೋಧಿ ಅಂತ ಬೈಯುತ್ತಾರೆ. ನಿಮ್ಮ ಮೇಷ್ಟ್ರ ಮಾಹಿತಿ ಅರವತ್ತು ವರ್ಷ ಹಳೆಯದು, ಅಷ್ಟೇ.

ರಾಜಕೀಯವನ್ನು ಓದುವಾಗಲೂ ನನ್ನ ಸಲಹೆ ಒಂದೇ. ಅಧ್ಯಕ್ಷರ ಸುದ್ದಿ ಕಡಿಮೆ ನೋಡಿ, ಮತಪತ್ರ ನೋಡಿ. 2000ದ ನವೆಂಬರಿನಲ್ಲಿ ನಾನು ಮಿಷಿಗನ್‌ನಲ್ಲಿದ್ದೆ. ಮತದಾನಕ್ಕೆ ಹೊರಟ ಪಕ್ಕದ ಮನೆಯವರು ಮಾದರಿ ಮತಪತ್ರ ತೋರಿಸಿದರು. ಮೇಲೆ ಅಧ್ಯಕ್ಷರ ಹೆಸರುಗಳು, ಸರಿ. ಕೆಳಗೆ ಹೋದರೆ ಮುಗಿಯುವುದೇ ಇಲ್ಲ. ಸೆನೆಟರ್ (ಅವರ ಸಂಸತ್ತಿನ ಮೇಲ್ಮನೆಯ ಸದಸ್ಯ), ಷೆರಿಫ್ (ಪೊಲೀಸ್ ಮುಖ್ಯಸ್ಥ), ಕೌಂಟಿಯ (ನಮ್ಮ ಜಿಲ್ಲೆಯ ಥರದ್ದು) ಖಜಾಂಚಿ, ನಮ್ಮ ಸಬ್‌ರಿಜಿಸ್ಟ್ರಾರ್ ಥರದವರು, ಜಡ್ಜುಗಳು, ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಸದಸ್ಯರು, ಕೊನೆಗೆ ಚರಂಡಿ ಕಮಿಷನರ್! ಮಳೆನೀರಿನ ಕಾಲುವೆ ನೋಡಿಕೊಳ್ಳುವ ಆ ಹುದ್ದೆಗೂ ಪಕ್ಷದ ಟಿಕೆಟ್ ಮೇಲೆ ಚುನಾವಣೆ. ನಾನು ನಕ್ಕೆ. ಅವರು ನಗಲಿಲ್ಲ. ‘ನೆಲಮಾಳಿಗೆಗೆ ನೀರು ನುಗ್ಗಿದಾಗ ವೈಟ್ ಹೌಸಿಗೆ ಫೋನ್ ಮಾಡೋಕಾಗುತ್ತಾ?’ ಅಂದರು.

ಅದೇ ವಾರ ಫ್ಲಾರಿಡಾದ ಎಣಿಕೆ ರಂಪವಾಯಿತು. ಪಾಮ್ ಬೀಚ್ ಕೌಂಟಿಯವರು ಮತಪತ್ರವನ್ನು ಎರಡು ಪುಟಕ್ಕೆ ಹರಡಿ ಹೇಗೆ ಮುದ್ರಿಸಿದ್ದರೆಂದರೆ ಜನ ಯಾರಿಗೋ ಅಂದುಕೊಂಡು ಇನ್ಯಾರಿಗೋ ತೂತು ಹಾಕಿದ್ದರು. ಕೊನೆಗೆ ಬುಷ್ ಅಲ್ಲಿ ಗೆದ್ದದ್ದು 537 ಮತದಿಂದ. ಅದರಿಂದ ಇಡೀ ದೇಶ. ನಮ್ಮವರು ಬಹಳ ಜನ ಕೇಳುತ್ತಾರೆ, ಇಷ್ಟು ಮುಂದುವರಿದ ದೇಶಕ್ಕೆ ನೆಟ್ಟಗೆ ಚುನಾವಣೆ ಮಾಡಲು ಬರುವುದಿಲ್ಲವೇ ಅಂತ. ಅಲ್ಲಿ ನಮ್ಮಂತೆ ಚುನಾವಣೆ ನಡೆಸುವ ಒಂದು ಕೇಂದ್ರ ಆಯೋಗ ಇಲ್ಲ. ರಾಜ್ಯಗಳು ನಿಯಮ ಮಾಡುತ್ತವೆ, ಮೂರು ಸಾವಿರಕ್ಕೂ ಜಾಸ್ತಿ ಇರುವ ಕೌಂಟಿಗಳು ಮತ್ತು ಅಲ್ಲಿನ ಪಟ್ಟಣಗಳು ನಡೆಸುತ್ತವೆ. ದಿಲ್ಲಿಯಂಥ ಒಂದು ಕೈಗೆ ಎಲ್ಲವನ್ನೂ ಕೊಡಬಾರದು ಎಂಬ ಹಳೆಯ ಅನುಮಾನವೇ ಇದರ ಬೇರು. 6 ಲಕ್ಷಕ್ಕೂ ಕಡಿಮೆ ಜನರ ವಯೋಮಿಂಗ್‌ಗೂ, ಸುಮಾರು 4 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡೆರಡೇ ಸೆನೆಟರು ಯಾಕೆ ಅಂತ ಅಲ್ಲಿಂದ ಹಿಂದಕ್ಕೆ ನಡೆದರೆ ಅವರ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಿಗುತ್ತದೆ.

ಈಗ ದಾರಿಗಳು. ನಿಮ್ಮ ಕೈಯಲ್ಲಿ ಇತಿಹಾಸದ ಎಂ.ಎ. ಇದೆ. ಅದೇ ನಿಮ್ಮ ಬಂಡವಾಳ. ಕರ್ನಾಟಕದ ಪದವಿ ಕಾಲೇಜಿನಲ್ಲಿ ಕಾಯಂ ಕೆಲಸ ಸಿಗುವುದು ಇತಿಹಾಸದ ಹುದ್ದೆಗೆ. ‘ಅಮೆರಿಕನ್ ಸ್ಟಡೀಸ್’ ಅಂತ ಹುದ್ದೆ ಕರೆಯುವುದಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಆಗಿಲ್ಲದಿದ್ದರೆ ಮೊದಲು ಅದನ್ನು ಮುಗಿಸಿ. ಇದು ನೀರಸ ಸಲಹೆ, ಗೊತ್ತು. ಆದರೆ ಈ ಕಾಲೂರಿ ನಿಲ್ಲುವ ಜಾಗ ಇಲ್ಲದೆ ಹಾರಿದ ಇಬ್ಬರು ಒಳ್ಳೆಯ ವಿದ್ಯಾರ್ಥಿಗಳು ಆಮೇಲೆ ಒದ್ದಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಇಲ್ಲೇ ಪಿಎಚ್‌ಡಿಗೆ ಸೇರಿ ಅಮೆರಿಕಕ್ಕೆ ಸಂಬಂಧಿಸಿದ ಪ್ರಶ್ನೆಯೊಂದನ್ನು ಹಿಡಿಯಬಹುದು. ದಿಲ್ಲಿಯ ಜೆಎನ್‌ಯುನಲ್ಲಿ ಕೆನಡಾ, ಅಮೆರಿಕ, ಲ್ಯಾಟಿನ್ ಅಮೆರಿಕಗಳ ಅಧ್ಯಯನಕ್ಕೆ ಬೇರೆ ಕೇಂದ್ರವೇ ಇದೆ. ಅಲ್ಲಿ ವಿದೇಶಾಂಗ ನೀತಿಯ ಕಡೆ ಒಲವು ಜಾಸ್ತಿ. ಪ್ರತಿಜ್ಞೆ, ಬಾವುಟ, ಪೌರತ್ವದಂಥ ನಿಮ್ಮ ಪ್ರಶ್ನೆಗೆ ಗೈಡ್ ಸಿಗುತ್ತಾರೆಯೇ ಅಂತ ಮೊದಲೇ ವಿಚಾರಿಸಿ. ಸರಿಯಾದ ಗೈಡ್ ಸಿಗದಿದ್ದರೆ ಐದು ವರ್ಷ ಒಬ್ಬರೇ ಗೋಡೆಗೆ ಮಾತಾಡಿದ ಹಾಗಾಗುತ್ತದೆ. ಇಲ್ಲಿ ಪಿಎಚ್‌ಡಿಗೆ ನೋಂದಣಿಯಾದವರು ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಆರರಿಂದ ಒಂಬತ್ತು ತಿಂಗಳು ಅಲ್ಲಿದ್ದು ದಾಖಲೆ ಓದಿ ಬರಬಹುದು. ಖರ್ಚು ಅವರದು. ಯಾವ ವಿಷಯಕ್ಕೆ ಕೊಡುತ್ತಾರೆ ಎಂಬ ಪಟ್ಟಿಯನ್ನು ಆಯಾ ವರ್ಷ ನೋಡಿಕೊಳ್ಳಬೇಕು. ನನ್ನನ್ನು ಕೇಳಿದರೆ ನಿಮಗೆ ಒಗ್ಗುವ ದಾರಿ ಇದೇ.

ಅಮೆರಿಕದಲ್ಲೇ ಓದಬೇಕೆಂದರೆ ಸ್ವಂತ ದುಡ್ಡಿನ ಎಂ.ಎ. ಬೇಡ. ಈ ವಿಷಯದಲ್ಲಿ ಅದು ತೋಟ ತಿನ್ನುವ ದಾರಿ. ಪಿಎಚ್‌ಡಿ ಆದರೆ ಒಳ್ಳೆಯ ವಿಶ್ವವಿದ್ಯಾಲಯಗಳು ಫೀಸು ಬಿಟ್ಟು, ಪಾಠಕ್ಕೆ ನೆರವಾಗುವ ಕೆಲಸ ಕೊಟ್ಟು, ತಿಂಗಳಿಗಿಷ್ಟು ಅಂತ ಕೊಡುತ್ತವೆ. ಐದಾರು ವರ್ಷ ಹಿಡಿಯುತ್ತದೆ. ಆದರೆ ಸೀಟು ಬಹಳ ಕಡಿಮೆ. 2025ರಿಂದ ಅಲ್ಲಿ ಮಾನವಿಕ ವಿಷಯಗಳ ಅನುದಾನಕ್ಕೆ ಕತ್ತರಿ ಬಿದ್ದಿದೆ, ಕೆಲವು ಕಡೆ ಪಿಎಚ್‌ಡಿ ಪ್ರವೇಶವನ್ನೇ ತಡೆಹಿಡಿದಿದ್ದಾರೆ. ಇನ್ನೊಂದು ವಿಚಾರ. 2025ರ ಜೂನಿನಿಂದ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರು ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳನ್ನು ಪರಿಶೀಲನೆಗೆ ತೆರೆದಿಡಬೇಕು ಅಂದಿದ್ದಾರೆ. ಅಮೆರಿಕದ ರಾಜಕೀಯವನ್ನೇ ಓದಲು ಹೊರಟವರು ಅದರ ಬಗ್ಗೆ ಏನನ್ನೂ ಬರೆಯದೇ ಇರುವುದು ಕಷ್ಟ. ಅಳೆದು ಬರೆಯಿರಿ ಅಂತ ಹೇಳಲು ನನಗೆ ಇಷ್ಟವಿಲ್ಲ, ಆದರೆ ಗೊತ್ತಿರಲಿ.

ಯಾರೂ ಹೇಳದ ದಾರಿ ಜರ್ಮನಿ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯಲ್ಲಿ ಜಾನ್ ಎಫ್. ಕೆನಡಿ ಇನ್‌ಸ್ಟಿಟ್ಯೂಟ್ ಇದೆ, 1963ರದ್ದು. ಅಮೆರಿಕದ ಬಗ್ಗೆ ಯುರೋಪಿನಲ್ಲಿರುವ ಒಳ್ಳೆಯ ಗ್ರಂಥಾಲಯಗಳಲ್ಲಿ ಒಂದು ಅಲ್ಲಿದೆ. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಬೋಧನಾ ಶುಲ್ಕದ ಹೊರೆ ಇಲ್ಲ. ಆದರೆ ಬದುಕಲು ದುಡ್ಡು ಬೇಕಲ್ಲ? ವೀಸಾಕ್ಕೆ ವರ್ಷಕ್ಕೆ ಸುಮಾರು 12,000 ಯೂರೋ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. ಜೊತೆಗೆ ನಿಮ್ಮ ಅಂಕಪಟ್ಟಿಗಳ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರವೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು, ಮೊದಲೇ ಶುರು ಮಾಡಿ.

ಯಾವ ದಾರಿ ಹಿಡಿದರೂ ಮುಂದಿನ ಆರು ತಿಂಗಳು ಒಂದು ರೂಪಾಯಿ ಖರ್ಚಿಲ್ಲದೆ ಓದಬಹುದು. ಲೈಬ್ರರಿ ಆಫ್ ಕಾಂಗ್ರೆಸ್ ಅಮೆರಿಕದ ಹಳೆಯ ದಿನಪತ್ರಿಕೆಗಳನ್ನು ಲಕ್ಷಗಟ್ಟಲೆ ಪುಟ ಸ್ಕ್ಯಾನ್ ಮಾಡಿ ಇಟ್ಟಿದೆ. 1936ರಿಂದ 1938ರವರೆಗೆ ಸರ್ಕಾರದ ಒಂದು ಯೋಜನೆಯಲ್ಲಿ ಬರಹಗಾರರು ಮನೆಮನೆಗೆ ಹೋಗಿ, ಗುಲಾಮರಾಗಿದ್ದ ಮುದುಕರು ಮುದುಕಿಯರ ಮಾತು ಬರೆದುಕೊಂಡರು. ಎರಡು ಸಾವಿರಕ್ಕೂ ಜಾಸ್ತಿ ಸಂದರ್ಶನಗಳು, ಎಲ್ಲವೂ ಅಲ್ಲೇ ಇವೆ. ಓದುವಾಗ ಒಂದು ಎಚ್ಚರ: ಬರೆದುಕೊಂಡವರು ಬಹುಪಾಲು ಬಿಳಿಯರು, ಅಜ್ಜಿಯರು ಎದುರಿಗಿದ್ದವರ ಮುಖ ನೋಡಿಕೊಂಡು ಮಾತಾಡಿದ್ದಾರೆ. ಥಿಂಡ್ ಅವರಂಥವರ ಕಾಗದಪತ್ರಗಳು ಬೇಕಿದ್ದರೆ ‘ಸಾಡಾ’ ಎಂಬ ಹೆಸರಿನ ದಕ್ಷಿಣ ಏಷ್ಯನ್ ಅಮೆರಿಕನ್ ಡಿಜಿಟಲ್ ಸಂಗ್ರಹ ಇದೆ. ಸುಪ್ರೀಂ ಕೋರ್ಟಿನ ವಾದಗಳ ಧ್ವನಿಮುದ್ರಣವನ್ನು ‘ಓಯೆಜ್’ ತಾಣದಲ್ಲಿ ಬಸ್ಸಿನಲ್ಲಿ ಕೂತೇ ಕೇಳಬಹುದು.

ಇವತ್ತು ರಾತ್ರಿಯೇ ಮಾಡಬಹುದಾದ ಒಂದು ಕೆಲಸವೂ ಇದೆ. ಟೆಕ್ಸಸ್ ಕಾನೂನಿನಲ್ಲಿ ಪ್ರತಿಜ್ಞೆ ಬೇಡ ಅನ್ನುವ ಮಗುವಿಗೆ ವಿನಾಯಿತಿ ಇದೆ. ಆದರೆ ಮಗು ಬೇಡ ಅಂದರೆ ಸಾಲದು, ಅಪ್ಪನೋ ಅಮ್ಮನೋ ಚೀಟಿ ಬರೆದುಕೊಡಬೇಕು. ಅಣ್ಣನಿಗೆ ಫೋನ್ ಮಾಡಿದಾಗ ಮಗುವನ್ನು ಕೇಳಿ: ನಿಮ್ಮ ಕ್ಲಾಸಿನಲ್ಲಿ ಪ್ರತಿಜ್ಞೆ ಹೇಳದೆ ಕೂತಿರುವವರು ಯಾರಾದರೂ ಇದ್ದಾರಾ? ಇದ್ದರೆ ಟೀಚರ್ ಏನಂತಾರೆ, ಪಕ್ಕದಲ್ಲಿ ಕೂತವರು ಏನಂತಾರೆ? ಅವನು ಹೇಳಿದ್ದನ್ನು ಅವನ ಮಾತಿನಲ್ಲೇ, ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.